ಮಿಸ್ತ್ರಿ ಕಾಕಾನ ಕೈಗುಣ

ಹಸಿ ಪೆಟ್ರೋಲಿನ ವಾಸನೆ ಬೇರೆ, ಅರ್ಧ ಸುಟ್ಟ ಪೆಟ್ರೋಲಿನ ವಾಸನೆ ಬೇರೆ. ಮೊದಲನೆಯದು ಮೂಗಿಗೆ ತಣ್ಣಗೆ ತಾಗಿ ಹೋಗಿಬಿಡುತ್ತದೆ. ಎರಡನೆಯದು ಕಣ್ಣಿನ ಮೂಲೆಯಲ್ಲಿ ಸಣ್ಣಗೆ ಉರಿದು, ಗಂಟಲಿನ ಹಿಂದೆ ಅಂಟಿಕೊಂಡು ಕೂರುತ್ತದೆ. ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದೆ. ವಿದ್ಯಾನಗರದ ಸಿಗ್ನಲ್ಲಿನಲ್ಲಿ ನನ್ನ ಆಟೋದ ಮುಂದೆ ಒಂದು ಹಳೆಯ ವ್ಯಾನು ನಿಂತಿತ್ತು. ಅದರ ಹಿಂದಿನ ಕೊಳವೆಯಿಂದ ಕಪ್ಪು ಹೊಗೆ, ಮತ್ತು ಆ ಎರಡನೆಯ ವಾಸನೆ. ಆಟೋದವನು ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಬೈದ. ನಾನು ಮುಚ್ಚಿಕೊಳ್ಳಲಿಲ್ಲ. ‘ಮೂಗು ಹೋಗೈತಿ ಇದರದು’ ಎಂದು ನನ್ನೊಳಗೆ ಯಾರೋ ಅಂದರು. ಮಾತು ನನ್ನದಾಗಿರಲಿಲ್ಲ.

ಸಿಗ್ನಲ್ ಬಿಟ್ಟ ಮೇಲೆ ಆಟೋವನ್ನು ಬೆಂಗೇರಿಯ ಕಡೆ ತಿರುಗಿಸಲು ಹೇಳಿದೆ. ಮಿಸ್ತ್ರಿ ಕಾಕಾ ತೀರಿಕೊಂಡು ಮೂರು ವರ್ಷವಾಗಿತ್ತು. ಮಣ್ಣಿಗೆ ನಾನು ಹೋಗಿರಲಿಲ್ಲ. ಆಮೇಲೂ ಹೋಗಿರಲಿಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಿನಿಂದ ಎಂ.ಎಸ್ಸಿ. ಮುಗಿಸುವವರೆಗೆ ನಾವು ಬೆಂಗೇರಿಯಲ್ಲಿ ಬಾಡಿಗೆಗೆ ಇದ್ದೆವು. ನಮ್ಮ ಮನೆಯ ಗೋಡೆಗೆ ತಾಗಿಕೊಂಡು ಮಿಸ್ತ್ರಿ ಕಾಕಾನ ಗ್ಯಾರೇಜು ಇತ್ತು. ತಗಡಿನ ಶೆಡ್ಡು, ಅದರ ಹಿಂದೆ ಎರಡು ಕೋಣೆಯ ಅವರ ಮನೆ. ಮಕ್ಕಳಿರಲಿಲ್ಲ; ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರೇ. ಬೋರ್ಡಿನ ಮೇಲೆ ಹೆಸರಿರಲಿಲ್ಲ. ‘ಎಲ್ಲಾ ತರಹದ ಗಾಡಿ ರಿಪೇರಿ ಮಾಡಲಾಗುವುದು’ ಎಂದಷ್ಟೇ ಬರೆಸಿದ್ದರು. ಓಣಿಯವರಿಗೆಲ್ಲ ಅವರು ಮಿಸ್ತ್ರಿ. ನನಗೆ ಮಿಸ್ತ್ರಿ ಕಾಕಾ.

ಅವರ ಕೆಲಸದ ರೀತಿಯೇ ಬೇರೆ. ಎಂಜಿನ್ ಬಿಚ್ಚುವ ಮೊದಲು ಸೀಮೆಸುಣ್ಣದಿಂದ ನೆಲದ ಮೇಲೆ ಅದರ ಚಿತ್ರ ಬರೆಯುತ್ತಿದ್ದರು. ಬಿಚ್ಚಿದ ಪ್ರತಿ ಬೋಲ್ಟನ್ನೂ ಚಿತ್ರದಲ್ಲಿ ಅದರ ಜಾಗದಲ್ಲೇ ಇಡುತ್ತಿದ್ದರು. ಎರಡು ಮೂರು ದಿನ ಆ ಚಿತ್ರ ಹಾಗೇ ಇರುತ್ತಿತ್ತು. ಕಾಕು ಅದನ್ನು ತುಳಿಯದೆ ಸುತ್ತಲೂ ಕಸ ಗುಡಿಸುತ್ತಿದ್ದರು, ಮುಂಜಾನೆಯ ರಂಗೋಲಿಯ ಸುತ್ತ ಗುಡಿಸಿದ ಹಾಗೆ.

ಗಾಡಿಗೆ ಏನಾಗಿದೆ ಎಂಬುದನ್ನು ಅವರು ಮೂಸಿ ಹೇಳುತ್ತಿದ್ದರು. ಗಾಡಿ ಚಾಲೂ ಮಾಡಿಸಿ, ಸೈಲೆನ್ಸರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ಬೊಗಸೆ ಮಾಡಿ ಹೊಗೆ ಹಿಡಿದು ಮೂಗಿಗೆ ಒಯ್ಯುತ್ತಿದ್ದರು. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದು, ‘ಎಣ್ಣಿ ಸುಡಾಕತ್ತೈತಿ’ ಎಂದೋ ‘ಪೆಟ್ರೋಲು ಜಾಸ್ತಿ ಕುಡ್ಯಾಕತ್ತೈತಿ’ ಎಂದೋ ಹೇಳಿ ಏಳುತ್ತಿದ್ದರು. ನಾನು ಶಾಲೆಗೆ ಹೊರಟಾಗ ಕೆಲವೊಮ್ಮೆ ಕರೆಯುತ್ತಿದ್ದರು.

“ತಂಗಿ, ಬಾ ಇಲ್ಲೆ. ಮೂಸಿ ಹೇಳು, ಇದಕ್ಕೇನಾಗೈತಿ?”

ನಾನು ಮೂಸಿ ಹೇಳುತ್ತಿದ್ದೆ. ಹತ್ತರಲ್ಲಿ ಏಳು ಸಲ ಸರಿಯಾಗುತ್ತಿತ್ತು.

“ಛಲೋ ಮೂಗೈತಿ ನಿಂದು,” ಅನ್ನುತ್ತಿದ್ದರು ಕಾಕಾ. “ನಮ್ಮಾಕಿ ಮೂಗಿಗೆ ಬರೇ ನನ್ನ ಬೀಡಿ ವಾಸನಿ ಅಷ್ಟ ಹತ್ತತೈತಿ.”

ಒಳಗಿನಿಂದ ಕಾಕುವಿನ ದನಿ ಬರುತ್ತಿತ್ತು: “ಹತ್ತಲಾರದ ಏನು? ಅಂಗಿ ತುಂಬ ಪೆಟ್ರೋಲು, ಬಾಯಾಗ ಬೀಡಿ. ಒಂದಿನ ದೀಪಾವಳಿ ಪಟಾಕ್ಷಿ ಆಗ್ತೀರಿ ನೋಡ್ರಿ ನೀವು.”

ಓಣಿಯಲ್ಲಿ ಅವರ ಕೈಗುಣದ ಬಗ್ಗೆ ದೊಡ್ಡ ನಂಬಿಕೆ ಇತ್ತು. ಹೊಸ ಬೋರು ಹೊಡೆಸಿದವರು ಪಂಪಿನ ಮೊದಲ ಬೋಲ್ಟನ್ನು ಅವರ ಕೈಯಿಂದಲೇ ಬಿಗಿಸುತ್ತಿದ್ದರು. ಹೊಸ ಗಾಡಿ ಕೊಂಡವರು ಗುಡಿಗೆ ಹೋಗಿ ಬಂದು, ನೇರ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಿದ್ದರು; ಕಾಕಾ ಒಂದು ನಟ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಹಚ್ಚಿ ಬಿಗಿದಂತೆ ಮಾಡಿ ಕಳಿಸಿದರೆ ಅವರಿಗೆ ಸಮಾಧಾನ. ಅದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕೈ ತೊಳೆದುಕೊಂಡು, ಶರ್ಟಿನ ಗುಂಡಿ ಹಾಕಿಕೊಂಡು ಬಂದು ತಿರುಗಿಸುತ್ತಿದ್ದರು. ಆ ಗೌರವ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಅದು ಹೋದ ಮೇಲೆ.

ನಾನು ವಿಶ್ವವಿದ್ಯಾಲಯಕ್ಕೆ ಸೇರಿ, ದಿನವೂ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರತೊಡಗಿದ ಹೊತ್ತಿಗೆ ಗ್ಯಾರೇಜಿನ ಗಿರಾಕಿಗಳು ಕಡಿಮೆಯಾಗತೊಡಗಿದ್ದರು. ಹೊಸ ಕಾರುಗಳ ಒಳಗೆ ಕಂಪ್ಯೂಟರ್ ಬಂದಿತ್ತು. ಬಾನೆಟ್ ತೆಗೆದರೆ ಕಾಕಾಗೆ ಗೊತ್ತಿರುವ ಕಾರ್ಬುರೇಟರ್ ಇರುತ್ತಿರಲಿಲ್ಲ. ಲಕಮನಹಳ್ಳಿಯಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಒಂದು ಫ್ಯಾಕ್ಟರಿಯ ಟೆಂಪೋಗಳು ಬರುತ್ತಿದ್ದುದರಿಂದ ಶೆಡ್ಡು ನಡೆಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಕೆಲಸ ಅದರದೇ. ಒಂದು ದಿನ ಆ ಫ್ಯಾಕ್ಟರಿಯ ಸಾವಕಾರರು ತಾವೇ ಒಂದು ವಿಚಿತ್ರವಾದ ಪಿಕಪ್ ತಂದು ನಿಲ್ಲಿಸಿದರು.

ಹೊರದೇಶದ ನೆರವಿನ ಯಾವುದೋ ನೀರಿನ ಯೋಜನೆಗೆಂದು ಬಂದಿದ್ದ ಗಾಡಿ ಅದು. ಯೋಜನೆ ಮುಗಿದ ಮೇಲೆ ಹರಾಜಿನಲ್ಲಿ ಸಾವಕಾರರ ಕೈ ಸೇರಿತ್ತು. ಹತ್ತು ವರ್ಷ ಹಳೆಯದಾದರೂ ದೊಡ್ಡ ಪೆಟ್ರೋಲ್ ಎಂಜಿನ್ನು. ಹಿಂದಿನಿಂದ ಕಪ್ಪು ಹೊಗೆ, ಮುಂದಿನ ಫಲಕದಲ್ಲಿ ಆರದ ಹಳದಿ ದೀಪ. ಏರಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು.

“ಎರಡ ಕಡೆ ತೋರಿಸೇನಿ ಮಿಸ್ತ್ರಿ,” ಅಂದರು ಸಾವಕಾರರು. “ಸೆನ್ಸರ್ ಅಂತಾರ, ಆಕ್ಸಿಜನ್ ಅಂತಾರ. ಗಾಡಿ ಗ್ಯಾರೇಜಿಗೆ ಒಯ್ಯಬೇಕೋ, ದವಾಖಾನಿಗೋ ತಿಳೀವಲ್ತು.”

“ಆಗತೈತ್ರಿ ಸಾವಕಾರ್ರ. ಸ್ವಲ್ಪ ಟೈಮ್ ಕೊಡ್ರಿ.”

“ಟೈಮ್ ಎಷ್ಟರ ತಗೋ. ಇದನ್ನ ಸುಧಾರಿಸಿ ಕೊಟ್ಟಿ ಅಂದ್ರ ನಮ್ಮ ಗಾಡಿ ಎಲ್ಲಾ ನಿನ್ನ ಕಡೇನ, ಹೊಸಾವೂ ಸೈತ. ಆಗಲಿಲ್ಲಂದ್ರ ಎಲ್ಲಾನೂ ದೊಡ್ಡ ವರ್ಕ್‌ಶಾಪಿಗೆ ಹೋಗ್ತಾವ. ಆಮ್ಯಾಲ ಸಿಟ್ಟಾಗಬ್ಯಾಡ. ಧಂದೆ ಅಂದ್ರ ಧಂದೆ.”

ಗಾಡಿಯ ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಆ ಸಂಜೆ ಕಾಕಾ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ನನ್ನನ್ನು ಕೇಳಲಿಲ್ಲ, ಅಪ್ಪನನ್ನು ಕೇಳಿದರು. “ಅಣ್ಣಾರ, ತಂಗಿ ಐತ್ವಾರಕ್ಕೊಮ್ಮೆ ಬಂದು ಇದನ್ನ ಓದಿ ತಿಳಿಸಿ ಹೇಳಿದ್ರ ನನಗ ದೊಡ್ಡ ಉಪಕಾರ ಆಗ್ತಿತ್ತು. ಹೊಸಲಿ ಮ್ಯಾಲ ಕುರ್ಚಿ ಹಾಕಸ್ತೇನಿ. ಒಳಗ ಬರೂದು ಬ್ಯಾಡ.”

ಹಾಗೆ ನಾಲ್ಕು ಭಾನುವಾರ ನಾನು ಗ್ಯಾರೇಜಿನ ಹೊಸ್ತಿಲಲ್ಲಿ ಕೂತು ಓದಿದೆ. ಕುರ್ಚಿಯನ್ನು ಕಾಕಾ ತಾವೇ ಒರೆಸಿ ಇಡುತ್ತಿದ್ದರು. ನಾನು ಕೂತಿರುವಷ್ಟು ಹೊತ್ತು ಬೀಡಿ ಹಚ್ಚುತ್ತಿರಲಿಲ್ಲ. ಹಳೆಯ ಗೆಳೆಯರು ಬಂದು ಬಾಯಿ ಸಡಿಲ ಬಿಟ್ಟರೆ, “ಹುಡುಗಿ ಅದಾಳ” ಎಂದು ಕಣ್ಣಲ್ಲೇ ಹೇಳುತ್ತಿದ್ದರು.

ಸುಟ್ಟ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡುವುದು ಆ ಸೆನ್ಸರಿನ ಕೆಲಸ ಎಂದು ಓದಿ ವಿವರಿಸಿದೆ. ಹೆಚ್ಚು ಉಳಿದಿದ್ದರೆ ಪೆಟ್ರೋಲು ಸಾಲದು, ಏನೂ ಉಳಿಯದಿದ್ದರೆ ಪೆಟ್ರೋಲು ಹೆಚ್ಚು. ಆ ಸುದ್ದಿಯನ್ನು ಅದು ತಂತಿಯ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ, ಕಂಪ್ಯೂಟರ್ ಅದರಂತೆ ಪೆಟ್ರೋಲನ್ನು ಅಳೆದು ಬಿಡುತ್ತದೆ. ಈ ಗಾಡಿಗೆ ಅಂಥವು ಎರಡು. ಕಾಕಾ ಕೈಯಲ್ಲಿದ್ದ ಚಿಂದಿಯನ್ನು ಕೆಳಗಿಟ್ಟರು.

“ಅಂದ್ರ ನಾ ಮಾಡೂ ಕೆಲಸಾನ ಮಾಡತೈತಿ ಅನ್ನು. ಮೂಗು!” ಎಂದು ಜೋರಾಗಿ ನಕ್ಕರು. “ನಾ ಹೊರಗ ಕುಂತ ಮೂಸ್ತೇನಿ, ಇದು ಒಳಗ ಹೊಕ್ಕೊಂಡು ಕುಂತೈತಿ. ಕೇಳಿದೇನ, ಈ ಗಾಡಿಗೆ ಎರಡ ಮೂಗಂತ!”

“ನಿಮಗ ಒಂದರಲೇನ ಇಷ್ಟ ಸೊಕ್ಕು,” ಅಂದರು ಕಾಕು, ಚಹಾ ತಂದಿಡುತ್ತ.

ಹಿಂದಿನ ವರ್ಷಗಳ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸದಿಂದ ಹಳೆಯ ಸೆನ್ಸರುಗಳು ಸತ್ತಿರಬೇಕು ಎಂದು ನಾನು ಹೇಳಿದೆ. ಅದು ನಾನು ಓದುತ್ತಿದ್ದ ವಿಷಯ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಕಾಕಾ ತಲೆಯಾಡಿಸಿ, “ವಿಷಾ ಮೂಸಿ ಮೂಸಿ ಸತ್ತಾವ ಪಾಪ” ಅಂದರು.

ಮೂರನೆಯ ಭಾನುವಾರ ಸೆನ್ಸರ್ ಬದಲಿಸುವ ಪುಟಕ್ಕೆ ಬಂದೆವು. ಮರುದಿನ ವಿಭಾಗದಲ್ಲಿ ನಾನೊಂದು ಸೆಮಿನಾರ್ ಕೊಡಬೇಕಿತ್ತು, ಮನಸ್ಸು ಅರ್ಧ ಅಲ್ಲಿತ್ತು. ಆ ಪುಸ್ತಕದ ಪ್ರತಿ ಪುಟದಲ್ಲೂ ಎಚ್ಚರಿಕೆಯ ಒಂದೊಂದು ಚೌಕ ಇರುತ್ತಿತ್ತು. ಎಂಜಿನ್ ಬಿಸಿ ಇದೆ ಮುಟ್ಟಬೇಡಿ, ಬ್ಯಾಟರಿಯ ತಂತಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಹಾಕಿ... ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಇದನ್ನೆಲ್ಲ ನಾನು ಓದಿ ಹೇಳುವುದು ಉದ್ಧಟತನ ಎನಿಸುತ್ತಿತ್ತು. ಅವನ್ನು ದಾಟಿಸಿಯೇ ಓದುತ್ತಿದ್ದೆ. ಆ ಪುಟದಲ್ಲೂ ನಾಲ್ಕು ಸಾಲಿನ ಒಂದು ಚೌಕವಿತ್ತು. ಕಣ್ಣಾಡಿಸಿದೆ. ಹೊಸ ಸೆನ್ಸರಿನ ತುದಿಗೆ ಎಣ್ಣೆ, ನೀರು, ಪುಡಿ ಯಾವುದೂ ತಾಗಬಾರದು, ತಾಗಿದರೆ ಕೆಡುತ್ತದೆ, ಅಳವಡಿಸುವವರೆಗೆ ಮುಚ್ಚಳ ತೆಗೆಯಬೇಡಿ ಎಂದಿತ್ತು. ಪುಟ ತಿರುಗಿಸಿದೆ.

ಕಾಕಾ ಗಮನಿಸಿದ್ದರು. “ಚೌಕದಾಗ ಏನೋ ಐತೆಲ್ಲ ತಂಗಿ?”

“ಏನಿಲ್ರಿ ಕಾಕಾ. ನಿಮಗ ಗೊತ್ತಿದ್ದದ್ದ.”

ಅವರು ಒಪ್ಪಿಕೊಂಡರು. ನಾನು ಹೇಳಿದ ಮೇಲೆ ಮುಗಿಯಿತು ಎಂಬಂತೆ.

ಹಳೆಯ ಸೆನ್ಸರುಗಳನ್ನು ಬಿಚ್ಚಲು ಅವರಿಗೆ ಎರಡು ದಿನ ಹಿಡಿಯಿತು. ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿದ್ದವು. ಸಂದಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಹಾಕಿದರು, ಗ್ಯಾಸಿನ ಉರಿಯಿಂದ ಕಾಯಿಸಿದರು. ಗಾಡಿಯ ಕೆಳಗಿನಿಂದ ಹೊರಬಂದಾಗ ಅವರ ಬೆರಳಿನ ಗೆಣ್ಣುಗಳು ಸುಲಿದಿದ್ದವು. ಹಳೆಯವುಗಳ ತಂತಿಯನ್ನು ಕತ್ತರಿಸಿ ಬಿಚ್ಚಿದರಾಯಿತು. ಆದರೆ ಹೊಸದನ್ನು ಹಾಕುವಾಗ ತಂತಿ ಅಖಂಡ ಇರಬೇಕು. ತಂತಿ ಇರುವಾಗ ರಿಂಗ್ ಪಾನಾ ಅದರ ಮೇಲೆ ಕೂರುವುದಿಲ್ಲ. ಬಾಯಿ ತೆರೆದ ಪಾನಾ ಜಾರುತ್ತದೆ. ಇದಕ್ಕೆಂದೇ ಸಂದು ಬಿಟ್ಟ ಬೇರೆ ಪಾನಾ ಸಿಗುತ್ತದೆ ಎಂದು ಪುಸ್ತಕದಲ್ಲಿ ಚಿತ್ರವಿತ್ತು. ಹುಬ್ಬಳ್ಳಿಯಲ್ಲಿ ಎಲ್ಲೂ ಸಿಗಲಿಲ್ಲ.

ಆ ಅಳತೆಯ ಒಂದೇ ಒಂದು ರಿಂಗ್ ಪಾನಾ ಅವರ ಬಳಿ ಇತ್ತು. ಕೆಲಸ ಕಲಿಸಿದ ಉಸ್ತಾದರು ಕೊಟ್ಟದ್ದು. ಯಾರಿಗೂ ಕಡ ಕೊಡುತ್ತಿರಲಿಲ್ಲ. ಅದನ್ನು ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿ, ಗರಗಸ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೊಯ್ದರು. ರಿಂಗಿನ ಒಂದು ಬದಿಯಲ್ಲಿ ತಂತಿ ತೂರುವಷ್ಟು ಸಂದು. ಕೊಯ್ದ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಬೆರಳಾಡಿಸಿ ನೋಡಿ, “ಉಸ್ತಾದ ಇದ್ದಿದ್ರ ಬೈತಿದ್ದಾ... ಆಮ್ಯಾಲ ತಾನೂ ಒಂದ ಕೊಯ್ಕೋತಿದ್ದಾ” ಅಂದರು.

ಹೊಸ ಸೆನ್ಸರುಗಳು ಮುಂಬೈಯಿಂದ ಬರಲು ಎರಡೂವರೆ ತಿಂಗಳು ಹಿಡಿಯಿತು. ಸಾವಕಾರರೇ ಯಾರನ್ನೋ ಹಿಡಿದು ತರಿಸಿದ್ದರು. ಪಾರ್ಸೆಲ್ಲು ಕೈಗೆ ಬಂದದ್ದು ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ಹಿಂದಿನ ಸಂಜೆ. ಕಾಕಾ ಅದನ್ನು ಶುಭಶಕುನ ಎಂದುಕೊಂಡರು. ನಾಳೆ ಪೂಜೆ, ನಾಡಿದ್ದು ದಶಮಿ. ಇದಕ್ಕಿಂತ ಒಳ್ಳೆಯ ದಿನ ಯಾವುದು?

ಖಂಡೆ ಪೂಜೆಯ ದಿನ ಆ ಶೆಡ್ಡನ್ನು ನೋಡಬೇಕಿತ್ತು. ನೆಲವನ್ನು ಸೀಮೆಎಣ್ಣೆಯಿಂದ ತೊಳೆದು, ಬಾಗಿಲಿಗೆ ಬಾಳೆಗಿಡ ಕಟ್ಟಿ, ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಪಾನಾಗಳನ್ನೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದರು. ಸಂದು ಕೊಯ್ದ ಪಾನಾ ನಡುವೆ ಇತ್ತು. ಅದರ ಪಕ್ಕದಲ್ಲಿ ಹೊಸ ಸೆನ್ಸರುಗಳು. ಕಾಕು ವಿಭೂತಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಪ್ರತಿಯೊಂದು ಸಾಮಾನಿಗೂ ಮೂರೆಳೆ ಎಳೆಯುತ್ತ ಬಂದರು. ವೈಸಿಗೆ, ಜಾಕಿಗೆ, ಪಂಪಿಗೆ, ಪಾನಾಗಳಿಗೆ. ನಾನು ನಮ್ಮ ಮನೆಯ ನೈವೇದ್ಯದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ.

ಸೆನ್ಸರಿನ ಹತ್ತಿರ ಬಂದಾಗ ಕಾಕುವಿನ ಕೈ ನಿಂತಿತು. “ಇದಕ್ಕ ಟೋಪಗಿ ಐತೆಲ್ರಿ. ಎಲ್ಲಿ ಹಚ್ಚಲಿ?”

“ತಡಿ, ತಗೀತೇನಿ,” ಎಂದು ಕಾಕಾ ಎರಡರ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನೂ ತಾವೇ ತೆಗೆದರು. “ಮುಖಾ ಮುಚ್ಚಿಕೊಂಡ ಕುಂತವಗ ಪೂಜಿ ಹೆಂಗ ಮುಟ್ಟತೈತಿ?”

ಹೊಳೆಯುವ ತುದಿ, ಅದರಲ್ಲಿ ಸಣ್ಣ ಸಣ್ಣ ಸೀಳುಗಳು. ಆ ಚೌಕದ ನಾಲ್ಕು ಸಾಲು ನನ್ನ ಕಣ್ಣ ಮುಂದೆ ಅಚ್ಚಾದಂತೆ ನಿಂತಿತು. ನೀರು, ಪುಡಿ... ಬಾಯಿ ತೆರೆದೆ. ಹೇಗೆ ಹೇಳುವುದು? ಹಬ್ಬದ ದಿನ, ಇಬ್ಬರು ಹಿರಿಯರ ಎದುರು, ವಿಭೂತಿ ಹಚ್ಚಬೇಡಿ ಎನ್ನುವುದೇ? ಅದೂ ತಿಂಗಳುಗಳ ಹಿಂದೆ ‘ಏನಿಲ್ಲ’ ಎಂದು ನಾನೇ ದಾಟಿಸಿದ ಮಾತನ್ನು? ನಾನು ತಡವರಿಸುವಷ್ಟರಲ್ಲಿ ಕಾಕು ಮೂರೆಳೆ ಎಳೆದಾಗಿತ್ತು. ಬಿಳಿ ನೀರು ಸೀಳುಗಳ ಒಳಗೆ ಇಳಿಯಿತು. ಅದರ ಮೇಲೆ ಕುಂಕುಮ.

“ನೀನೂ ಒಂದ ಹೂವು ಏರಸು ತಂಗಿ,” ಅಂದರು ಕಾಕು. “ಓದಿ ಹೇಳಿದಾಕಿ ನೀನ ಅಲ್ಲೇನ?”

ನಾನು ಒಂದು ಚೆಂಡುಹೂವನ್ನು ಅದರ ಮೇಲೆ ಇಟ್ಟೆ.

ಸಂಜೆ ಹೇಳಿದರಾಯಿತು, ಹಾಕುವ ಮೊದಲು ಒರೆಸಿಕೊಳ್ಳಲಿ ಎಂದುಕೊಂಡೆ. ಸಂಜೆ ಮನೆಗೆ ನೆಂಟರು ಬಂದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ದಶಮಿ. ನಾನು ಏಳುವಷ್ಟರಲ್ಲಿ ಗೋಡೆಯಾಚೆ ಎಂಜಿನ್ನಿನ ಸದ್ದು ಕೇಳುತ್ತಿತ್ತು; ಒಳ್ಳೆಯ ಗಳಿಗೆ ನೋಡಿ ಕಾಕಾ ನಸುಕಿನಲ್ಲೇ ಕೂರಿಸಿಬಿಟ್ಟಿದ್ದರು. ಸಂಜೆ ಬನ್ನಿ ಕೊಡಲು ಹೋದೆ. ಗಾಡಿ ಬಾಗಿಲಲ್ಲೇ ನಿಂತು ತಣ್ಣಗೆ ಉಸಿರಾಡುತ್ತಿತ್ತು. ಹಳದಿ ದೀಪ ಆರಿತ್ತು.

“ಬಂಗಾರಧಾಂಗ ಇರೋಣು ತಂಗಿ,” ಎಂದು ಬನ್ನಿ ತೆಗೆದುಕೊಂಡು, “ಮೂಸಿ ನೋಡು” ಅಂದರು.

ಬಗ್ಗಿ ಮೂಸಿದೆ. ಏನೂ ವಾಸನೆ ಇರಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ, ಹೇಳಬೇಕಾದದ್ದು ಇನ್ನು ಏನೂ ಉಳಿದಿಲ್ಲ ಎಂದೇ ಅಂದುಕೊಂಡೆ. ಸಾವಕಾರರು ಬಂದು ಗಾಡಿ ಒಯ್ದರು. ಆ ವಾರ ಕಾಕಾ ಶೆಡ್ಡಿನ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು.

ದೀಪಾವಳಿಗೆ ಇನ್ನೂ ನಾಲ್ಕು ದಿನವಿದ್ದಾಗ ಗಾಡಿ ಮರಳಿ ಬಂತು. ಹಗ್ಗ ಕಟ್ಟಿ, ಸಾವಕಾರರದೇ ಟೆಂಪೋ ಎಳೆದುಕೊಂಡು ಬಂದಿತ್ತು. ಚಾಲೂ ಮಾಡಿದರೆ ಮೊದಲಿಗಿಂತ ಹೆಚ್ಚು ಕಪ್ಪು ಹೊಗೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ನಾನು ನಮ್ಮ ಕಿಟಕಿಯಲ್ಲಿದ್ದೆ.

“ಏನ್ ಮಿಸ್ತ್ರಿ ಇದು? ಫ್ಯಾಕ್ಟರಿ ಮಾಲು ನಡುದಾರ್ಯಾಗ ನಿಂತಿತ್ತು.”

“ಇನ್ನೊಮ್ಮೆ ಬಿಚ್ಚಿ ನೋಡ್ತೇನ್ರಿ ಸಾವಕಾರ್ರ. ಇನ್ನೊಂದ ಜೋಡಿ ತರಿಸಿ ಕೊಡ್ರಿ...”

“ಮತ್ತ ಎರಡೂವರಿ ತಿಂಗಳೇನು? ಸಾಕ ಮಾರಾಯಾ. ಕಂಪ್ಯೂಟರ್ ಇದ್ದಲ್ಲೆ ಹೋಗಬೇಕಿತ್ತು, ನಿನ್ನ ಮಾತು ಕೇಳಿ ಕೆಟ್ಟೆ. ಮೂಗಿಲೆ ಗಾಡಿ ರಿಪೇರಿ ಮಾಡೂ ಕಾಲ ಮುಗೀತೋ.”

ಕಾಕು ಬಾಗಿಲಿಗೆ ಬಂದು, “ಮೊದಲ ಒಂದ ಕಪ್ ಚಾ ಕುಡೀರಿ ಸಾವಕಾರ್ರ” ಅಂದರು. ಅವರು ಕುಡಿಯಲಿಲ್ಲ. ಆ ಸೆನ್ಸರುಗಳನ್ನು ಬಿಚ್ಚಿಕೊಳ್ಳಲು ಮಾತ್ರ ಕಾಕಾಗೆ ಬಿಟ್ಟರು. ಸಂಜೆ ಗಾಡಿಯನ್ನು ದೊಡ್ಡ ವರ್ಕ್‌ಶಾಪಿಗೆ ಎಳೆದೊಯ್ದರು. ಮುಂದಿನ ತಿಂಗಳಿನಿಂದ ಟೆಂಪೋಗಳೂ ಬರಲಿಲ್ಲ.

ಎರಡು ದಿನದ ನಂತರ ಕಾಕಾ ನನ್ನನ್ನು ಕರೆದರು. ಕುರ್ಚಿ ಒರೆಸಿ ಇಟ್ಟಿದ್ದರು. ನನ್ನ ಕೈಯಲ್ಲಿ ಒಂದು ಸೆನ್ಸರ್ ಕೊಟ್ಟರು. ತುದಿಯ ಸೀಳುಗಳಲ್ಲಿ ಬಿಳಿಚಿದ, ಗಾಜಿನಂತೆ ಬೆಂದು ಕೂತ ಒಂದು ಹೊಪ್ಪಳಿಕೆ.

“ಏನ್ ಅನಸತೈತಿ ತಂಗಿ? ನೀ ಕೆಮಿಸ್ಟ್ರಿ ಓದಾಕತ್ತಾಕಿ. ನಾ ಎಲ್ಲಿ ತಪ್ಪಿದೆ?”

ನೋಡಿದ ಕೂಡಲೇ ನನಗೆ ಗೊತ್ತಾಯಿತು. ವಿಭೂತಿ ಎಂದರೆ ಸಗಣಿಯ ಬೂದಿ; ಅದರಲ್ಲಿ ಏನೇನಿರುತ್ತದೆ ಎಂದು ನಾನು ಓದಿದ್ದೆ: ಸಿಲಿಕಾ, ಸುಣ್ಣ, ರಂಜಕ. ಕೆಂಪಗೆ ಕಾಯುವ ಲೋಹದ ಮೇಲೆ ಅದು ಏನಾಗುತ್ತದೆ ಎಂಬುದೂ ಗೊತ್ತಿತ್ತು. ಸೆನ್ಸರನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಳಗೆ ಕಾಕು ಒಗ್ಗರಣೆ ಹಾಕುತ್ತಿದ್ದರು. ಹೇಳಿದರೆ ಕಾಕುವಿನ ಕೈಯ ಮಾತು ಬರುತ್ತದೆ, ಪೂಜೆಯ ಮಾತು ಬರುತ್ತದೆ... ಹಾಗೆಂದು ನನಗೆ ನಾನು ಹೇಳಿಕೊಂಡೆ. ನಿಜವೆಂದರೆ, ಆ ಚೌಕದ ಮಾತು ಬರುತ್ತದೆ ಎಂಬ ಹೆದರಿಕೆ.

“ಗೊತ್ತಾಗವಲ್ತ್ರಿ ಕಾಕಾ,” ಅಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಸೆನ್ಸರನ್ನು ಮರಳಿ ತೆಗೆದುಕೊಂಡು ಚಿಂದಿಯಲ್ಲಿ ಸುತ್ತಿದರು.

“ಹಂಗಾರ ಕೈಗುಣಾನ ಹೋತು ಬಿಡು,” ಅಂದರು, ಮೆಲ್ಲಗೆ.

ಆ ಮಾತನ್ನು ಅವರು ಬೇಸರದಲ್ಲಿ ಆಡಿ ಮರೆತಿದ್ದರೆ ಒಳ್ಳೆಯದಿತ್ತು. ಮರೆಯಲಿಲ್ಲ. ಪಂಪಿನ ಮೊದಲ ಬೋಲ್ಟು ತಿರುಗಿಸಿ ಎಂದು ಬಂದವರಿಗೆ, “ಬ್ಯಾರೇದವ್ರ ಕಡೆ ಮಾಡಸ್ರಿ, ನನ್ನ ಕೈ ಸರಿ ಇಲ್ಲ” ಎನ್ನತೊಡಗಿದರು. ಮೊದಮೊದಲು ಜನ ಒತ್ತಾಯ ಮಾಡಿದರು; ಆಮೇಲೆ ನಂಬಿದರು; ಆಮೇಲೆ ಬರುವುದನ್ನೇ ಬಿಟ್ಟರು. ಹಳೆಯ ಡೀಸೆಲ್ ಗಾಡಿಗಳನ್ನಷ್ಟೇ ಇಟ್ಟುಕೊಂಡರು. ಒಮ್ಮೆ ಆ ಪಿಕಪ್ಪು ನಮ್ಮ ರಸ್ತೆಯಲ್ಲೇ ಹೋಯಿತು. ವರ್ಕ್‌ಶಾಪಿನವರು ಹೊಸ ಜೋಡಿ ಸೆನ್ಸರ್ ತರಿಸಿ ಹಾಕಿದ್ದರಂತೆ. ಕಾಕಾ ಹೊಸ್ತಿಲಲ್ಲಿ ನಿಂತಿದ್ದರು. ಗಾಡಿ ದಾಟಿದ ಮೇಲೆ ಮುಖ ಎತ್ತಿ ಗಾಳಿಯನ್ನು ಮೂಸಿದರು. ವಾಸನೆ ಇರಲಿಲ್ಲ. ಒಳಗೆ ಹೋದರು.

ನಾನು ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಒಂದು ಕಾಲೇಜಿಗೆ ಸೇರಿದೆ. ಅಪ್ಪ ನಿವೃತ್ತರಾಗಿ ನಮ್ಮ ಮನೆ ಧಾರವಾಡಕ್ಕೆ ಹೋಯಿತು. ವರ್ಷಕ್ಕೊಮ್ಮೆ ಬೆಂಗೇರಿಗೆ ಹೋಗುತ್ತಿದ್ದೆ, ಈ ಸಲ ಹೇಳಿಬಿಡಬೇಕು ಎಂದುಕೊಂಡು. ಕಾಕಾ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮೂಗು ಛಲೋ ಐತಿಲ್ಲೋ ತಂಗಿ?” “ಐತ್ರಿ ಕಾಕಾ” ಅನ್ನುತ್ತಿದ್ದೆ. ಚಹಾ ಕುಡಿದು ಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ಉಸಿರಿಗೆ ಕಷ್ಟಪಡುತ್ತಿದ್ದರು, ದಿಂಬಿಗೆ ಒರಗಿ ಕೂತಿದ್ದರು. ಆಗಲೂ ಕೇಳಿದರು. ಆಗಲೂ ಅಷ್ಟೇ ಹೇಳಿದೆ... ಅವರು ಹೋದ ಸುದ್ದಿ ಫೋನಿನಲ್ಲಿ ಬಂದಾಗ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುತ್ತಿತ್ತು. ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ.

ಆಟೋ ಇಳಿದಾಗ ಶೆಡ್ಡು ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಬಾಗಿಲಿನ ಮೊಬೈಲ್ ಅಂಗಡಿ. ಅದರ ಬದಿಯ ಸಂದಿಯಲ್ಲಿ ಹಿಂದೆ ಹೋದರೆ ಅದೇ ಎರಡು ಕೋಣೆ. ಕಾಕು ನನ್ನನ್ನು ಗುರುತಿಸಲು ಕಣ್ಣು ಕಿರಿದು ಮಾಡಿದರು. ಆಮೇಲೆ ಕೈ ಹಿಡಿದು ಒಳಗೆ ಕರೆದೊಯ್ದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. “ಎಷ್ಟ ಸೊರಗಿದೀಯವ್ವಾ, ಬೆಳಗಾವ್ಯಾಗ ಹೋಟೆಲಿನ ಅನ್ನ ಉಣ್ಣಾಕತ್ತೀಯೇನು?” ಅಂದರು.

ಅವಲಕ್ಕಿ ತಿನ್ನಿಸಿ, ಚಹಾ ಕುಡಿಸಿದ ಮೇಲೆ ಟ್ರಂಕಿನಿಂದ ಒಂದು ಗಂಟು ತೆಗೆದರು. “ತಂಗಿ ಬಂದ್ರ ಕೊಡು ಅಂದಿದ್ರು. ನೀ ಬರತಿ ಬರತಿ ಅಂತ ನಾನೂ ಇಟ್ಟಕೊಂಡ ಕುಂತಿದ್ದೆ.”

ಗಂಟಿನಲ್ಲಿ ಸಂದು ಕೊಯ್ದ ಆ ಪಾನಾ ಇತ್ತು, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದು. ಅದರ ಕೆಳಗೆ ಆ ದಪ್ಪ ಪುಸ್ತಕ. ಸಾವಕಾರರು ಮರಳಿ ಕೇಳಿಯೇ ಇರಲಿಲ್ಲವಂತೆ.

“ಒಂದ ನೋಡು, ಆ ವರ್ಷ ಆದಮ್ಯಾಲ ಖಂಡೆ ಪೂಜಿಯಾಗ ನನಗ ಹೊಸ ಸಾಮಾನಿಗೆ ವಿಭೂತಿ ಹಚ್ಚಗೊಡಲಿಲ್ಲ ಅವರು,” ಅಂದರು ಕಾಕು. “ಡಬ್ಬಿ ಮ್ಯಾಲ ಹಚ್ಚು, ಸಾಕು ಅಂತಿದ್ರು. ಯಾಕ್ರಿ ಅಂದ್ರ ನಗತಿದ್ರು. ಹುಚ್ಚ ಇದ್ದ ನನ್ನ ಗಂಡ.”

ನನ್ನ ಕೈ ಪುಸ್ತಕದ ಮೇಲೆ ನಿಂತಿತು. ತೆರೆದೆ. ಎಷ್ಟು ಸಲ ತೆರೆದಿದ್ದರೋ, ಅದು ತಾನಾಗಿಯೇ ಆ ಪುಟಕ್ಕೆ ಬಿತ್ತು. ಅಂಚಿನಲ್ಲೆಲ್ಲ ಎಣ್ಣೆಯ ಹೆಬ್ಬೆರಳಿನ ಗುರುತು. ನಾಲ್ಕು ಸಾಲಿನ ಚೌಕದ ಕೆಳಗೆ, ಶೆಡ್ಡಿನಲ್ಲಿ ಗುರುತು ಹಾಕಲು ಬಳಸುತ್ತಿದ್ದ ದಪ್ಪ ಪೆನ್ಸಿಲಿನಲ್ಲಿ, ಬಿಡಿ ಬಿಡಿ ಅಕ್ಷರದಲ್ಲಿ ಕಾಕಾ ಬರೆದಿದ್ದರು: ‘ತುದಿಗೆ ಏನೂ ಹಚ್ಚಬಾರದು. ವಿಭೂತಿ ಸೈತ.’

ಯಾರ ಹತ್ತಿರ ಓದಿಸಿದ್ದರೋ ತಿಳಿಯದು. ಯಾವಾಗ ಓದಿಸಿದ್ದರೋ ಅದೂ ತಿಳಿಯದು. ಆ ಬಿಳಿಚಿದ ಸೆನ್ಸರನ್ನು ನನ್ನ ಕೈಗೆ ಕೊಟ್ಟು ‘ನಾ ಎಲ್ಲಿ ತಪ್ಪಿದೆ’ ಎಂದು ಕೇಳಿದರಲ್ಲ, ಅದಕ್ಕಿಂತ ಮೊದಲೋ, ಆಮೇಲೋ... ಮೊದಲೇ ಆಗಿದ್ದರೆ, ಅವರು ಅಂದು ಕೇಳಿದ್ದು ಏನನ್ನು? ಕಾಕುವಿನ ಕೈಯನ್ನೂ ನನ್ನ ‘ಏನಿಲ್ರಿ’ಯನ್ನೂ ಒಟ್ಟಿಗೆ ಮುಚ್ಚಿಟ್ಟು, ಎಲ್ಲವನ್ನೂ ತಮ್ಮ ಕೈಗುಣದ ಮೇಲೆ ಹಾಕಿಕೊಂಡು ಹೋಗಿಬಿಟ್ಟಿದ್ದರು.

ಕಾಕುವಿಗೆ ಓದಲು ಬಾರದು. ನನ್ನ ಭುಜದ ಮೇಲಿಂದ ಬಗ್ಗಿ, ಪೆನ್ಸಿಲಿನ ಗೆರೆಯ ಮೇಲೆ ಬೆರಳಿಟ್ಟರು. “ಇದು ಅವರ ಅಕ್ಷರ. ಏನ್ ಬರದಾರ ಯವ್ವಾ ಇದರಾಗ?”

ಅದೇ ಪುಟ. ಅದೇ ಪ್ರಶ್ನೆ.

“ತುದಿಗೆ ಏನೂ ಹಚ್ಚಬಾರದು,” ಎಂದು ಓದಿದೆ. ಅಲ್ಲಿಗೆ ನಿಲ್ಲಿಸಿದೆ. ಉಳಿದ ಎರಡು ಪದ ಓದಲಿಲ್ಲ. ಈ ಸಲ ಗೊತ್ತಿದ್ದೇ ಬಿಟ್ಟೆ. “ಇದು ಪುಸ್ತಕದಾಗ ಮೊದಲ ಇತ್ತು ಕಾಕು. ಕಾಕಾ ಕೇಳಿದ್ರು, ನಾ ಓದಿ ಹೇಳಲಿಲ್ಲ. ಆಮ್ಯಾಲೂ ಹೇಳಲಿಲ್ಲ. ಆ ಗಾಡಿ ಕೆಟ್ಟದ್ದು ನನ್ನ ತಪ್ಪಿಲೆ. ಕಾಕಾನ ಕೈಗುಣ ಹೋಗಿದ್ದಿಲ್ಲ.”

ಹೊರಗೆ ಮೊಬೈಲ್ ಅಂಗಡಿಯಲ್ಲಿ ಯಾರದೋ ಫೋನು ಬಡಿದುಕೊಂಡು ನಿಂತಿತು. ಕಾಕು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸೆರಗಿನಿಂದ ಪುಸ್ತಕದ ಮೇಲಿನ ಧೂಳು ಒರೆಸಿದರು.

“ಅವರ ಮುಂದ ಹೇಳಬೇಕಿತ್ತ ಯವ್ವಾ ಇದನ್ನ,” ಅಂದರು.

ಪಾನಾ ಈಗ ಬೆಳಗಾವಿಯಲ್ಲಿ, ನನ್ನ ಮೇಜಿನ ಮೇಲೆ ಇದೆ. ಮೊನ್ನೆ ಸಹೋದ್ಯೋಗಿಯೊಬ್ಬರು ಎತ್ತಿ ನೋಡಿ, ಮುರಿದ ಪಾನಾ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ಮುರಿದದ್ದಲ್ಲ, ಬೇಕೆಂದೇ ಕೊಯ್ದದ್ದು ಎಂದೆ. ಅದರ ಮೇಲೆ ಕಾಕಾ ಸವರಿಟ್ಟ ಎಣ್ಣೆಯ ವಾಸನೆ ಇನ್ನೂ ಇದೆ. ದಿನದಿನಕ್ಕೆ ಕಡಿಮೆಯಾಗುತ್ತಿದೆ, ಆದರೂ ನನಗೆ ತಿಳಿಯುತ್ತದೆ. ಮೂಗು ಛಲೋ ಇದೆ. ಕೇಳುವವರು ಇಲ್ಲ.